ರಿಸರ್ವ್ ಸೀಟಿನ ಸಾಹೇಬರು

ಅವರ ಮಗಳು ಫೋನ್ ಮಾಡಿ, "ಆಂಟಿ, ಡ್ಯಾಡ್ ಹೋಗ್ಬಿಟ್ರು" ಎಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಅಯ್ಯೋ ಪಾಪ" ಎಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು. ಆ ಮನುಷ್ಯನ ವಿಷಯದಲ್ಲಿ ನಾನು ಒಮ್ಮೆಯೂ ಪಾಪ ಎಂದವಳಲ್ಲ. ಹತ್ತು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿ, ಒಂದೇ ಬಸ್ಸಿನಲ್ಲಿ ಓಡಾಡಿ, ಅವರನ್ನು ಕಂಡಾಗ ಕಿಟಕಿಯ ಕಡೆ ಮುಖ ತಿರುಗಿಸಿದ್ದೇ ಹೆಚ್ಚು. ತೀರಿಹೋದರು ಎಂಬ ಒಂದೇ ಕಾರಣಕ್ಕೆ ಅವರನ್ನು ದೊಡ್ಡ ಮನುಷ್ಯರನ್ನಾಗಿ ಮಾಡಿ ಬರೆಯಲು ನನ್ನ ಕೈಲಾಗದು. ಹಾಗೆ ಬರೆದರೆ ಅದನ್ನು ಓದಿ ಮೊದಲು ಮೂಗು ಮುರಿಯುವವರು ಅವರೇ.

ಮೂಗು ಮುರಿಯುವುದು ಅವರ ನಿಜವಾದ ಕಸುಬು. ಸಂಬಳದ ಕಸುಬು ಬೇರೆ ಇತ್ತು. ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಾವೆಲ್ಲ ಇದ್ದ ವೇರ್‌ಹೌಸಿನಲ್ಲಿ ಸರಕು ಬರುವ ಬಾಗಿಲ ಪಕ್ಕ ಒಂದು ಸಣ್ಣ ಕಿಟಕಿ. ಅದರ ಹಿಂದೆ ಅವರು. ಲಾರಿಯವರು ತಂದ ಕಾಗದಗಳನ್ನು ನೋಡಿ, ಸೀಲು ಹೊಡೆದು, ತಲೆ ಎತ್ತದೆ "ನೆಕ್ಸ್ಟ್" ಅನ್ನುವುದು ಕೆಲಸ. ಹಿಂದೆ ಯಾರೂ ಇಲ್ಲದಿದ್ದರೂ ನೆಕ್ಸ್ಟ್ ಅನ್ನುತ್ತಿದ್ದರು. ಟೀ ಕುಡಿಯಲು ಹೋಗುವಾಗ ಕಿಟಕಿಗೆ ಅಡ್ಡವಾಗಿ ರಟ್ಟಿನ ಬೋರ್ಡೊಂದನ್ನು ಇಟ್ಟು ಹೋಗುತ್ತಿದ್ದರು. ಹುಬ್ಬಳ್ಳಿ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಕೂತು ಬಂದವರು ಅವರು. ಹೆಂಡತಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಅವರ ಹಿಂದೆ ಬಂದಿದ್ದರು. ಊರು ಬಿಟ್ಟರೂ ಕೌಂಟರು ಬಿಟ್ಟಿರಲಿಲ್ಲ. ವೇರ್‌ಹೌಸಿನಲ್ಲಿದ್ದ ನಾಲ್ಕೈದು ಕನ್ನಡದ ಮಂದಿ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅದರಲ್ಲಿದ್ದ ಕುಹಕ ಅವರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ಕಂಪನಿಯ ಮ್ಯಾನೇಜರ್ ಒಬ್ಬ ಅಮೆರಿಕನ್. ಕ್ರಿಕೆಟ್ ಅಂದರೆ ಆಕಳಿಸುತ್ತಿದ್ದ ಅವನು ಬೇಸ್‌ಬಾಲ್ ತಂಡ ಕಟ್ಟಿದ. ಸುತ್ತಲಿನ ಕಂಪನಿಗಳ ತಂಡಗಳ ಜೊತೆ ಬೇಸಿಗೆಯ ಭಾನುವಾರಗಳಲ್ಲಿ ಪಾರ್ಕಿನಲ್ಲಿ ಪಂದ್ಯ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆಯಲ್ಲಿ ಬಾರಿಸಿ, ಚೌಕದ ನಾಲ್ಕು ಮೂಲೆ ಸುತ್ತಿ ಓಡಿ ಬರುತ್ತಾನೆ. ಕಣಕ್ಕಿಳಿಯುವವರು ಒಂಬತ್ತು ಜನ. ಪ್ರತಿ ಏಪ್ರಿಲ್‌ನಲ್ಲಿ, ಮೊದಲ ಪಂದ್ಯದ ಹಿಂದಿನ ವಾರ, ಮ್ಯಾನೇಜರ್ ಹೆಸರುಗಳನ್ನು ಗೀಚಿ ಕೊಡುತ್ತಿದ್ದ. ಆಫೀಸಿನಲ್ಲಿ ಟೈಪಿಸ್ಟಾಗಿದ್ದ ನಾನು ಅದನ್ನು ನೀಟಾಗಿ ಟೈಪ್ ಮಾಡಿ ಕ್ಯಾಂಟೀನಿನ ಬೋರ್ಡಿಗೆ ಅಂಟಿಸುತ್ತಿದ್ದೆ. ಮೇಲೆ ಒಂಬತ್ತು ಹೆಸರು. ಕೆಳಗೆ ಗೆರೆ ಎಳೆದು "ರಿಸರ್ವ್ಸ್" ಎಂಬ ತಲೆಬರಹ, ಅದರಡಿ ನಾಲ್ಕು ಹೆಸರು.

ಸಾಹೇಬರು ಅದನ್ನು ಪಟ್ಟಿ ಎನ್ನುತ್ತಿರಲಿಲ್ಲ. ಚಾರ್ಟ್ ಎನ್ನುತ್ತಿದ್ದರು. "ಚಾರ್ಟ್ ಹಚ್ಚೀರೇನ್ ತಂಗಿ?" ಎಂದು ಆ ವಾರವೆಲ್ಲ ನನ್ನ ಮೇಜಿನ ಹತ್ತಿರ ಎರಡೆರಡು ಸಲ ಬರುವರು. ಹಚ್ಚಿದ ಮೇಲೆ ಅದರೆದುರು ನಿಂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ರೈಲಿನ ಬಾಗಿಲಲ್ಲಿ ಅಂಟಿಸಿದ ಚಾರ್ಟ್ ಓದುವವರ ಹಾಗೆ ತೋರುಬೆರಳನ್ನು ಮೇಲಿನಿಂದ ಕೆಳಗೆ ಇಳಿಸುವರು. ಬೆರಳು ಪ್ರತಿ ಹೆಸರಿನ ಮೇಲೂ ನಿಲ್ಲುತ್ತಿತ್ತು, ನಿಂತಲ್ಲೆಲ್ಲ ಒಂದು ತೀರ್ಪು ಬೀಳುತ್ತಿತ್ತು.

"ಈ ಐರಿಶ್ ಮನಷ್ಯಾನ್ನ ಚೆಂಡ ಒಗ್ಯಾಕ ಹಾಕ್ಯಾರ. ಮೂರನೇ ಸುತ್ತಿಗೆ ಇವನ ತೋಳು ಜೋತ ಬೀಳ್ತದ, ಬರಕೋರಿ."

"ಇವಂಗ ಓಡಾಕ ಹಚ್ಯಾರ? ಬಸ್ಸ ಹಿಡ್ಯಾಕ ಓಡೂದ ಆಗೂದಿಲ್ಲ ಈ ಮಾರಾಯಗ."

"ಪ್ಯಾಕಿಂಗಿನ ಗುಜರಾತಿ. ಕ್ಯಾಚ್ ಹಿಡ್ಯಾವ್ರು ಕಣ್ಣ ತಗದು ಹಿಡೀಬೇಕು ಅಂತ ಯಾರರ ಇವಂಗ ಹೇಳೀರೇನು?"

ತಾವು ಜನ್ಮದಲ್ಲಿ ದೊಣ್ಣೆ ಹಿಡಿದವರಲ್ಲ. ಗ್ರೀನ್‌ಫರ್ಡ್ ಲೈಬ್ರರಿಯಿಂದ ಆಟದ ಪುಸ್ತಕವೊಂದನ್ನು ತಂದು, ಮತ್ತೆ ಮತ್ತೆ ರಿನ್ಯೂ ಮಾಡಿಸಿ, ಬಾಯಿಪಾಠ ಮಾಡಿದ್ದರು. ಪಂದ್ಯಕ್ಕೆ ಒಂದೂ ತಪ್ಪದೆ ಬರುತ್ತಿದ್ದರು. ಮಡಚುವ ಕುರ್ಚಿ, ಕೊಡೆ, ಫ್ಲಾಸ್ಕು, ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ. ಒಂದು ದಿನವೂ ಚಪ್ಪಾಳೆ ತಟ್ಟಿದ್ದು ನಾನು ನೋಡಿಲ್ಲ. ಗೆದ್ದರೆ, "ಎದುರಿನವರು ಭಾಳ ಸುಮಾರ ಇದ್ರು." ಸೋತರೆ, "ಚಾರ್ಟ್ ನೋಡಿದಾಗನ ನಾ ಹೇಳಿದ್ದೆ." ಐರಿಶ್ ಮನುಷ್ಯನ ತೋಳು ಮಾತ್ರ ಮೂರನೇ ಸುತ್ತಿನಲ್ಲೇ ನಿಜವಾಗಿ ಸೋತಿತು, ಪ್ರತಿ ವರ್ಷವೂ. ಇಂಥವರು ಹೇಳಿದ್ದು ಆಗಾಗ ನಿಜವಾಗುವುದೇ ದೊಡ್ಡ ಅನಾಹುತ. ಅವರ ಹಮ್ಮಿಗೆ ಅದರಿಂದ ಇನ್ನೂ ನಾಲ್ಕು ವರ್ಷಕ್ಕಾಗುವಷ್ಟು ಮೇವು ಸಿಗುತ್ತದೆ.

ಈಗ ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ಗೆರೆಯ ಕೆಳಗಿನ ನಾಲ್ಕು ಹೆಸರುಗಳಲ್ಲಿ ಒಂದು ನನ್ನ ಗಂಡನದು. ಪ್ರತಿ ವರ್ಷವೂ. ಅದೇ ವೇರ್‌ಹೌಸಿನ ಡಿಸ್ಪ್ಯಾಚ್ ವಿಭಾಗದಲ್ಲಿದ್ದರು. ಮೈಸೂರಿನವರು, ಮಾತು ಕಡಿಮೆ, ಯಾರಿಗೂ ಇಲ್ಲ ಎನ್ನಲು ಬಾರದವರು. ಆ ಆಟವೆಂದರೆ ಅವರಿಗೆ ಪ್ರಾಣ. ನಮ್ಮ ಫ್ಲಾಟಿನ ಹಿಂದಿನ ಹುಲ್ಲಿನಲ್ಲಿ ಗೋಡೆಗೆ ಚೆಂಡು ಎಸೆದು ಎಸೆದು ಹಿಡಿಯುತ್ತಿದ್ದರು. ಕೆಳಗಿನ ಮನೆಯವರು ಕೌನ್ಸಿಲ್‌ಗೆ ದೂರು ಕೊಟ್ಟ ಮೇಲೆ ಗೋಡೆಗೆ ಹಳೆಯ ರಜಾಯಿ ಕಟ್ಟಿಕೊಂಡು ಎಸೆದರು. ಅವರ ಆಸೆ ಒಂದೇ: ಎಲ್ಲರ ಮನೆಯವರೂ ಬಂದು ಕೂರುವ ಮೊದಲ ಪಂದ್ಯದಲ್ಲಿ ಒಂದು ಸಲ, ಒಂದೇ ಸಲ, ಒಂಬತ್ತರಲ್ಲಿ ಒಬ್ಬರಾಗಿ ಇಳಿಯಬೇಕು. ಯಾರಾದರೂ ಗಾಯಗೊಂಡಾರೇ ಎಂದು ಕಾಯುತ್ತ ಬೆಂಚಿನ ಮೇಲೆ ಗ್ಲೌಸ್ ಹಾಕಿಕೊಂಡೇ ಕೂತಿರುತ್ತಿದ್ದರು. ಗಾಯವಾಗಲೆಂದು ಬಯಸುವುದು ತಪ್ಪು ಎಂದು ಅವರೇ ಹೇಳಿ, ಮತ್ತೆ ಕಾಯುತ್ತಿದ್ದರು.

ಇಂಥವರ ಹೆಸರಿನ ಮೇಲೆ ಬೆರಳು ನಿಲ್ಲಿಸಿ ಸಾಹೇಬರು ನನ್ನತ್ತ ತಿರುಗಿ ಹೇಳುತ್ತಿದ್ದರು: "ನಿಮ್ಮ ಮನಿಯವರದು ಈ ಸಲಾನೂ ಕನ್ಫರ್ಮ್ ಆತಲ್ರೀ. ಟೈಪ್ ಮಾಡಾವ್ರು ಮನ್ಯಾಗ ಇದ್ರ ಏನ್ ಚಿಂತಿ."

ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಬೆಂಚು ಕಾಯುವವನಿಗೆ ಕನ್ಫರ್ಮ್ ಅನ್ನುವುದು ಎಂಥ ವ್ಯಂಗ್ಯ. ಇಂಗ್ಲಿಷಿನಲ್ಲೂ ಅವರು ಬಿಡುತ್ತಿರಲಿಲ್ಲ. ರಿಸರ್ವ್‌ನವರು ಕ್ಯಾಂಟೀನಿಗೆ ಬಂದರೆ, "ವೆರಿ ಲಕ್ಕಿ ಪೀಪಲ್" ಎಂದು ಗಂಭೀರವಾಗಿ ಹೇಳುವರು. ಇಂಗ್ಲಿಷರು ಬಿದ್ದು ಬಿದ್ದು ನಗುವರು. ಮುಖ ಅಲ್ಲಾಡಿಸದೆ ಇಷ್ಟು ಹರಿತವಾಗಿ ಚುಚ್ಚುವವನು ತಮ್ಮ ಪೈಕಿಯೇ ಎಂದು ಅವರಿಗೆ ಖುಷಿ.

ಒಂದು ಶನಿವಾರ ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ನಾನು, ಗಂಡ ತರಕಾರಿ ಆರಿಸುತ್ತಿದ್ದೆವು. ಬದನೆಕಾಯಿಯ ರಾಶಿಯ ಆಚೆ ಸಾಹೇಬರು, ಜೊತೆಗೆ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಂದು ಜೋಡಿ. ನಮ್ಮನ್ನು ಪರಿಚಯಿಸಿದ ರೀತಿ ಇದು: "ಇವರು ನಮ್ಮ ಟೀಮಿನವರು. ಆಟ ಬರ್ತದೋ ಇಲ್ಲೋ ದೇವರಿಗೇ ಗೊತ್ತು, ಆದ್ರ ವಶೀಲಿ ಗಟ್ಟಿ ಅದ. ಪ್ರತಿ ವರ್ಷ ಹೆಣ್ತಿ ರಿಸರ್ವ್ ಮಾಡಿಸಿ ಇಟ್ಟಿರ್ತಾರ." ಹೊಸಬರು ಏನೂ ತಿಳಿಯದೆ ನಕ್ಕರು. ನನ್ನ ಗಂಡ ಕೈಯಲ್ಲಿದ್ದ ಬದನೆಕಾಯಿಯನ್ನು ರಾಶಿಗೆ ವಾಪಸ್ ಇಟ್ಟರು. ಮರುವರ್ಷ ಮ್ಯಾನೇಜರ್ ಬಳಿ ಹೋಗಿ ತಮ್ಮ ಹೆಸರು ಹಾಕಬೇಡಿ ಎಂದು ಹೇಳಿಬಂದರು. ರಜಾಯಿ ಗೋಡೆಯಿಂದ ಇಳಿಯಿತು. ಆ ಮನುಷ್ಯನನ್ನು ನಾನು ಜೀವನದಲ್ಲಿ ಕ್ಷಮಿಸುವುದಿಲ್ಲ ಎಂದು ಆಗ ಅಂದುಕೊಂಡೆ.

ಆ ವರ್ಷದ ಚಾರ್ಟ್ ಹಚ್ಚಿದ ದಿನ ಸಾಹೇಬರ ಬೆರಳು ಗೆರೆಯ ಕೆಳಗೆ ಬಂದು ತಡವರಿಸಿತು. "ಎಲ್ಲೈತ್ರೀ ನಿಮ್ಮ ಮನಿಯವರ ಹೆಸರು? ಕ್ಯಾನ್ಸಲ್ ಆತೇನು?"

ನನಗೆ ತಡೆಯಲಾಗಲಿಲ್ಲ. "ಏನ್ ಸರ್ ನಿಮ್ಮ ಮಾತು? ಬೆಂಚ್ ಮೇಲೆ ಕೂರೋಕೂ ವಶೀಲಿ ಬೇಕಾ? ಆಡೋಕೆ ಬಿಡಲ್ಲ ಅಂತ ಅವರು ಕೊರಗ್ತಾ ಇದ್ರೆ ನಿಮಗೆ ತಮಾಷೆನಾ?"

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೌಂಟರಿನಲ್ಲಿ ತಪ್ಪು ಫಾರ್ಮ್ ತುಂಬಿ ತಂದವರನ್ನು ನೋಡುವ ನೋಟ. "ತಮಾಷಿ ಯಾಕ ಮಾಡ್ಲಿ? ನೀವ ನೋಡ್ರಿ. ಆ ಒಂಬತ್ತು ಮಂದಿ ಜನರಲ್ ಬೋಗಿಯವರು. ಬಿಸಲಾಗ ನಿಂದರಬೇಕು, ಓಡಬೇಕು, ಬೀಳಬೇಕು. ಈ ನಾಲ್ಕು ಮಂದಿಗೆ ಸೀಟು ಗಟ್ಟಿ. ನೆರಳು, ಜ್ಯೂಸು, ಸ್ಯಾಂಡ್‌ವಿಚ್. ಮ್ಯಾಲ ಸ್ವಚ್ಛ ಬರದಾರಲ್ಲ, ರಿಸರ್ವ್ ಅಂತ. ನನಗ ಕಲಸ್ತೀರೇನು ರಿಸರ್ವ್ ಅಂದ್ರ ಏನು ಅಂತ? ಹದಿನಾಲ್ಕು ವರ್ಷ ಮಾಡೀನಿ ಆ ಕೆಲಸ."

ಅವರ ಮಾತಿನಲ್ಲಿ ವ್ಯಂಗ್ಯವೇ ಇರಲಿಲ್ಲ. ಇಷ್ಟು ವರ್ಷ ಆ ಮನುಷ್ಯ ಆಡಿದ ಪ್ರತಿ ಮಾತೂ ಅಕ್ಷರಶಃ ನಿಜವೆಂದು ನಂಬಿಯೇ ಆಡಿದ್ದು. "ಮತ್ತೆ ಒಂದೊಂದ್ಸಲ ಅವರನ್ನ ಆಟಕ್ಕೆ ಕರೀತಾರಲ್ಲ ಸರ್?" ಎಂದು ಕೆಣಕಿದೆ. ಉತ್ತರ ತಯಾರಿತ್ತು: "ಅದು ಅಡ್ಜಸ್ಟ್‌ಮೆಂಟ್. ರೈಲಿನ್ಯಾಗ ವಯಸ್ಸಾದವರು ಬಂದ್ರ ಎದ್ದು ಸೀಟು ಬಿಟ್ಟು ಕೊಡೂದಿಲ್ಲೇನು? ಹಂಗ. ಮನಸ್ಸಿದ್ದವರು ಏಳ್ತಾರ. ಏಳಲೇಬೇಕು ಅಂತ ರೂಲ್ ಇಲ್ಲ." ಲೈಬ್ರರಿಯ ಪುಸ್ತಕದಲ್ಲಿ ರಿಸರ್ವ್ ಎಂಬ ಪದವೇ ಇಲ್ಲವಂತೆ. ಇದ್ದಿದ್ದರೆ ಪುಸ್ತಕವೇ ತಪ್ಪು ಎಂದಿರುತ್ತಿದ್ದರು.

ನಾನು ತಿದ್ದಲಿಲ್ಲ. ಒಳ್ಳೆಯತನದಿಂದಲ್ಲ. ಇಂಥ ದಡ್ಡತನವನ್ನು ಒಬ್ಬಳ ಮುಂದೆ ಬಯಲು ಮಾಡಿ ಹಾಳು ಮಾಡುವುದು ಯಾಕೆ, ಸಮಯ ಬಂದಾಗ ಎಲ್ಲರ ಮುಂದೆ ಮಾಡೋಣ ಎಂದು ಭರಣಿಯ ಉಪ್ಪಿನಕಾಯಿಯ ಹಾಗೆ ಜೋಪಾನವಾಗಿ ಮುಚ್ಚಿಟ್ಟೆ.

ಮನೆಗೆ ಬಂದು ಗಂಡನಿಗೆ ಹೇಳಿದೆ, ನಗುತ್ತಾರೆ ಎಂದುಕೊಂಡು. ಅವರು ನಗಲಿಲ್ಲ. ಕೇಳಿದರು: "ಅಂದ್ರೆ ಇಷ್ಟು ವರ್ಷ ಅವರು ನನ್ನ ಕಂಡು ಹೊಟ್ಟೆಕಿಚ್ಚು ಪಡ್ತಿದ್ರಾ?"

"ಹೌದು ರೀ. ಲೋಕದಲ್ಲಿ ನಿಮ್ಮನ್ನ ಕಂಡು ಹೊಟ್ಟೆಕಿಚ್ಚು ಪಟ್ಟ ಒಬ್ಬನೇ ಮನುಷ್ಯ, ಅವನಿಗೂ ಇಂಗ್ಲಿಷ್ ಬರಲ್ಲ," ಎಂದೆ.

ಮುಂದಿನ ಭಾನುವಾರ ರಜಾಯಿ ಮತ್ತೆ ಗೋಡೆಗೇರಿತು. ಮರುವರ್ಷದ ಚಾರ್ಟಿನಲ್ಲಿ ಅವರ ಹೆಸರು ಮತ್ತೆ ಗೆರೆಯ ಕೆಳಗೆ ಬಂತು.

ಹೀಗೆ ಕೆಲವು ವರ್ಷ ಕಳೆದು ಎರಡು ಸಾವಿರದ ಇಸವಿ ದಾಟಿತು. ಕಂಪನಿಯವರು ವೇರ್‌ಹೌಸನ್ನು ಲಂಡನ್ನಿನಿಂದ ಆಚೆ ಸಾಗಿಸುವುದಾಗಿ ಹೇಳಿದರು. ಬೇಸಿಗೆ ಮುಗಿದರೆ ನಾವೆಲ್ಲ ಚದುರುವವರು. ಸಾಹೇಬರಿಗೆ ಹೇಗೂ ನಿವೃತ್ತಿಯ ವಯಸ್ಸು. ಕೊನೆಯ ಏಪ್ರಿಲ್‌ನಲ್ಲಿ ಮ್ಯಾನೇಜರ್ ಹೆಸರು ಗೀಚುತ್ತ, ಆ ಕಿಟಕಿಯ ಮುದುಕ ಒಂದು ಪಂದ್ಯವನ್ನೂ ತಪ್ಪಿಸಿಲ್ಲ, ಈ ಸಲ ಅವನ ಹೆಸರನ್ನೂ ರಿಸರ್ವ್ಸ್‌ನಲ್ಲಿ ಸೇರಿಸು, ಒಂದು ಟೀ ಶರ್ಟ್ ಕೊಡೋಣ ಎಂದ. ಅಷ್ಟು ಸಂತೋಷದಿಂದ ನಾನು ಯಾವ ಹೆಸರನ್ನೂ ಟೈಪ್ ಮಾಡಿದ್ದಿಲ್ಲ. ಭರಣಿ ತೆರೆಯುವ ದಿನ ಬಂತು ಎಂದುಕೊಂಡೆ. ಪಂದ್ಯದ ನಡುವೆ ಎಲ್ಲರೆದುರು ಜೋರಾಗಿ ಹೇಳುವುದು, ಸರ್, ರಿಸರ್ವ್ ಅಂದರೆ ಯಾರಿಗೂ ಬೇಡವಾಗಿ ಉಳಿದವರು ಅಂತ.

ಚಾರ್ಟ್ ಮುಂದೆ ಬೆರಳು ಇಳಿಯಿತು. ಐರಿಶ್ ತೋಳು, ಗುಜರಾತಿ ಕಣ್ಣು, ಎಲ್ಲಕ್ಕೂ ತಕ್ಕ ಮಂಗಳಾರತಿ ಆಯಿತು. ಗೆರೆ ದಾಟಿ, ಐದನೆಯ ಹೆಸರಿನ ಮೇಲೆ ಬೆರಳು ನಿಂತುಬಿಟ್ಟಿತು. ಆ ಹೆಸರಿಗೆ ಮಾತ್ರ ಸಾಹೇಬರು ಏನೂ ಹೇಳಲಿಲ್ಲ. ಕಿಟಕಿಗೆ ಬೋರ್ಡು ಇಡದೆ ಬಂದಿದ್ದರು, ಲಾರಿಯವನೊಬ್ಬ ಹುಡುಕಿಕೊಂಡು ಕ್ಯಾಂಟೀನಿನವರೆಗೆ ಬಂದ. ಮರುದಿನ ಮನೆಯಲ್ಲಿ ಮಾಡಿದ ಬೇಸನ್ ಉಂಡೆಗಳನ್ನು ತಂದು ಇಡೀ ವೇರ್‌ಹೌಸಿಗೆ ಹಂಚಿದರು. ನನಗೆ ಎರಡು ಕೊಟ್ಟು ದನಿ ತಗ್ಗಿಸಿ, "ನೀವ ಮಾಡಿಸೀರಿ, ನನಗ ಗೊತ್ತದ. ಹದಿನಾಲ್ಕು ವರ್ಷ ನಾ ಮಂದಿಗೆ ಸೀಟು ಕೊಟ್ಟೆ. ನನಗ ಅಂತ ಒಬ್ಬರೂ ಹಿಡದಿಟ್ಟಿದ್ದಿಲ್ಲ," ಎಂದರು. ಉಂಡೆ ಚೆನ್ನಾಗಿತ್ತು. ಅದೂ ನನಗೆ ಸಿಟ್ಟು ತರಿಸಿತು.

ಪಂದ್ಯದ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಹೊಸ ಟೀ ಶರ್ಟು ಹಾಕಿ ಬಂದರು. ಮಡಚುವ ಕುರ್ಚಿ ತಂದಿರಲಿಲ್ಲ. ಬೆಂಚಿನ ಮೇಲೆ ನನ್ನ ಗಂಡನ ಪಕ್ಕ ಕೂತು, ಬೆಂಚಿನ ಹಲಗೆಯನ್ನು ಒಮ್ಮೆ ಅಂಗೈಯಲ್ಲಿ ಸವರಿದರು. ಐದನೆಯ ಸುತ್ತಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನ ಬೆರಳಿಗೆ ಚೆಂಡು ಬಡಿದು ಬೆರಳು ಊದಿಕೊಂಡಿತು. ಅವನು ಹೊರಬಂದ. ಮ್ಯಾನೇಜರ್ ನಮ್ಮ ಬೆಂಚಿನತ್ತ ತಿರುಗಿ ನನ್ನ ಗಂಡನ ಹೆಸರು ಕೂಗಿದ.

ಎಷ್ಟು ವರ್ಷ ಕಾದ ಕರೆ. ಅವರು ತಟ್ಟನೆ ಎದ್ದರು. ಗ್ಲೌಸ್ ಹಾಕಿಯೇ ಇತ್ತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಸಾಹೇಬರು ಅವರ ಅಂಗಿಯ ತುದಿ ಹಿಡಿದು ಎಳೆದರು.

"ಎಲ್ಲಿ ಹೊಂಟೀರಿ? ಕುಂದರ್ರಿ. ಇದು ಅಡ್ಜಸ್ಟ್ ಮಾಡೂ ವಯಸ್ಸೇನು ನಿಮ್ಮದು? ಮೊಣಕಾಲು ನೋಡಿಕೋರಿ." ಹೇಳಿ ತಾವೇ ಎದ್ದು, ಮೈದಾನದ ಗೆರೆ ದಾಟಿ, ಮ್ಯಾನೇಜರ್ ಎದುರು ನಿಂತರು. ಹತ್ತು ವರ್ಷದಲ್ಲಿ ಆತನಿಗೆ ಗುಡ್ ಮಾರ್ನಿಂಗ್ ಬಿಟ್ಟು ಇನ್ನೇನೂ ಹೇಳದ ಮನುಷ್ಯ, ಬೆರಳೆತ್ತಿ ಇಂಗ್ಲಿಷಿನಲ್ಲಿ ಹೇಳಿದರು: "ದಿಸ್ ಮ್ಯಾನ್ ಈಸ್ ರಿಸರ್ವ್ಡ್. ಕನ್ಫರ್ಮ್ಡ್. ಯು ಕೆನಾಟ್ ಡಿಸ್ಟರ್ಬ್ ಹಿಮ್."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುದುಕನ ಕೊನೆಯ ದೊಡ್ಡ ಜೋಕು ಎಂದು ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸಾಹೇಬರು ನಗುವವರ ಕಡೆ ತಿರುಗದೆ, ನನ್ನ ಗಂಡನಿಗೆ ಕೂಗಿ ಹೇಳಿದರು: "ನೀವು ಕುಂದರ್ರಿ. ನಾ ಇದ್ದೀನಿ. ನಿಮ್ಮನ್ನ ಯಾರು ಎಬ್ಬಸ್ತಾರ ನೋಡೋಣ."

ನಾನು ಕಾದಿದ್ದ ಗಳಿಗೆ ಇದೇ. ಒಂದೇ ಮಾತು ಸಾಕಿತ್ತು. ಸಾಹೇಬರ ಹಮ್ಮು ಹುಲ್ಲಿನ ಮೇಲೆ ಬೀಳುತ್ತಿತ್ತು, ನನ್ನ ಗಂಡ ಆಟಕ್ಕೆ ಇಳಿಯುತ್ತಿದ್ದರು. ಹೋಗಿ ಎಂದು ಗಂಡನಿಗೆ ಸನ್ನೆ ಮಾಡಿ, ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ನೋಡಿದರು. ಬೇಡ ಎಂದು ತಲೆಯಾಡಿಸಿದರು. ಗ್ಲೌಸ್ ಬಿಚ್ಚಿ, ಮತ್ತೆ ಬೆಂಚಿನ ಮೇಲೆ ಕೂತರು. ಅವರ ಬದಲಿಗೆ ಬೆಂಚಿನಲ್ಲಿದ್ದ ಇನ್ನೊಬ್ಬ, ಪೇಂಟ್ ವಿಭಾಗದ ತಮಿಳು ಹುಡುಗಿಯ ಗಂಡ, ಓಡಿದ. ಸಾಹೇಬರು ಗೆದ್ದವರ ಹಾಗೆ ವಾಪಸ್ ಬಂದು, ಅವಲಕ್ಕಿ ಡಬ್ಬಿ ತೆರೆದು, ನನ್ನ ಗಂಡನ ಮುಂದೆ ಹಿಡಿದರು. ಅವರು ತಿಂದರು.

ಬಸ್ಸಿನಲ್ಲಿ ನಾನು ಗಂಡನನ್ನು ತರಾಟೆಗೆ ತೆಗೆದುಕೊಂಡೆ. "ಇನ್ನೊಂದು ಮೊದಲ ಪಂದ್ಯ ಇಲ್ಲ ರೀ. ಗೊತ್ತಾ ನಿಮಗೆ? ಮುಗೀತು. ಆ ದಡ್ಡನಿಗೋಸ್ಕರ ಬಿಟ್ರಲ್ಲ."

"ನನಗೋಸ್ಕರ ಜಗಳಕ್ಕೆ ನಿಂತ್ರು ಕಣೇ. ಈ ಊರಿಗೆ ಬಂದ ಮೇಲೆ ಯಾರು ಹಾಗೆ ನಿಂತಿದಾರೆ ಹೇಳು," ಎಂದರು.

ನಾನು ನಿಂತಿರಲಿಲ್ಲವೇ, ಇಷ್ಟು ವರ್ಷ? ಆ ಲೆಕ್ಕ ಅವರಿಗೆ ಹೊಳೆಯಲೇ ಇಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೇಸಿಗೆ ಮುಗಿದ ಮೇಲೆ ವೇರ್‌ಹೌಸಿನ ಜಾಗ ಖಾಲಿಯಾಯಿತು, ಬಸ್ಸಿನಲ್ಲಿ ಸಾಹೇಬರೂ ಕಾಣದಾದರು. ಗಂಡ ಮಾತ್ರ ಆಗಾಗ ಅವರ ಮನೆಗೆ ಹೋಗಿ ಕೂತು ಬರುತ್ತಿದ್ದರು. ನಾನು ಹೋಗಲಿಲ್ಲ.

ಮೊನ್ನೆ ಗುರುವಾರ ಅವರ ಅಂತ್ಯಕ್ರಿಯೆಗೆಂದು ಕ್ರೆಮಟೋರಿಯಂಗೆ ಹೋದೆವು. ಮುಂದಿನ ಸಾಲಿನಲ್ಲಿ ಆರು ಕುರ್ಚಿ, ಒಂದೊಂದರ ಮೇಲೂ ಮನೆಯವರಿಗೆ ಮೀಸಲು ಎಂದು ಸೂಚಿಸುವ "ರಿಸರ್ವ್ಡ್" ಎಂಬ ಬಿಳಿ ಚೀಟಿ. ಮನೆಯವರೆಂದು ಇದ್ದವರು ಹೆಂಡತಿ, ಮಗಳು ಇಬ್ಬರೇ. ನಾಲ್ಕು ಕುರ್ಚಿ ಖಾಲಿ. ನಾನು ಹಿಂದಿನ ಸಾಲಿಗೆ ತಿರುಗಿದೆ. ನನ್ನ ಗಂಡ ನೇರವಾಗಿ ಮುಂದೆ ಹೋಗಿ, ಚೀಟಿ ಎತ್ತಿಕೊಂಡು, ಕೂತುಬಿಟ್ಟರು.

ಕಪ್ಪು ಕೋಟಿನ ಸಿಬ್ಬಂದಿಯವನು ಬಗ್ಗಿ ಮೆಲ್ಲಗೆ, ಸರ್, ಈ ಕುರ್ಚಿಗಳು ರಿಸರ್ವ್ ಆಗಿವೆ ಎಂದ. ಯಾರಿಗೂ ಇಲ್ಲ ಎನ್ನಲು ಬಾರದ ನನ್ನ ಗಂಡ ಚೀಟಿಯನ್ನು ಅವನಿಗೆ ತೋರಿಸಿ, "ಯೆಸ್. ಕನ್ಫರ್ಮ್ಡ್," ಎಂದರು. ಸಿಬ್ಬಂದಿಯವನು ಸಾಹೇಬರ ಮಗಳ ಮುಖ ನೋಡಿದ. ಅವಳು ಇರಲಿ ಎಂದು ತಲೆಯಾಡಿಸಿದಳು.

ನಾನು ನಡುದಾರಿಯಲ್ಲಿ ನಿಂತಿದ್ದೆ. ಅಂಗಿ ಹಿಡಿದು ಎಬ್ಬಿಸಿ ಕರೆತರೋಣ ಎಂದು ಎರಡು ಹೆಜ್ಜೆ ಮುಂದಿಟ್ಟೆ. ಹತ್ತಿರ ಹೋದಾಗ ಅವರು ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದು ಕಂಡಿತು, ಜನರಲ್ ಬೋಗಿಯಲ್ಲಿ ಮನೆಯವರಿಗೆ ಜಾಗ ಹಿಡಿದಿಡುವವರ ಹಾಗೆ. ನನ್ನನ್ನು ಕಂಡು ಕೈ ತೆಗೆದರು. ನಾನು ಆ ಚೀಟಿಯನ್ನು ಎತ್ತಿ, ಮಡಚಿ, ಪರ್ಸಿಗೆ ಹಾಕಿಕೊಂಡು ಕೂತೆ. ಯಾರೂ ನಮ್ಮನ್ನು ಎಬ್ಬಿಸಲಿಲ್ಲ.